ಇಂಗ್ಲಿಷ್ ಕಾಕರ್ ಸ್ಪೇನಿಯಲ್: ತಳಿಯ ಲಕ್ಷಣ ಮತ್ತು ಆರೈಕೆ

ಬ್ರಿಟನ್ನಿನಲ್ಲಿ ವುಡ್‌ಕಾಕ್ ಎಂಬ ಹಕ್ಕಿಯನ್ನು ಪೊದೆಯಿಂದ ಎಬ್ಬಿಸಲು ಬೆಳೆಸಿದ ತಳಿ ಇದು. ಹೆಸರು ಬಂದದ್ದೂ ಆ ಹಕ್ಕಿಯಿಂದಲೇ. ಪಾಯಿಂಟರ್ ನಾಯಿ ವಾಸನೆ ಸಿಕ್ಕಿದ ಜಾಗದಲ್ಲೇ ಅಲುಗದೆ ನಿಲ್ಲುತ್ತದೆ. ಕಾಕರ್ ಹಾಗಲ್ಲ. ಬೇಟೆಗಾರನ ಮುಂದೆ ಎಡಬಲಕ್ಕೆ ಓಡಾಡುತ್ತ, ಕೋವಿಯ ಅಳವಿನೊಳಗೇ ಇದ್ದು, ಪೊದೆಗೆ ನುಗ್ಗಿ ಹಕ್ಕಿಯನ್ನು ಹಾರಿಸುತ್ತದೆ. ಹಾರಿದೊಡನೆ ಕೂತುಬಿಡಬೇಕು, ಅಪ್ಪಣೆಯಾದ ಮೇಲೆ ಬಿದ್ದ ಹಕ್ಕಿಯನ್ನು ಹಲ್ಲೂರದೆ ಹಿಡಿದು ತರಬೇಕು.

ಈ ಕಸುಬನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅಳತೆಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಗಂಡಿನ ಎತ್ತರ 39ರಿಂದ 41 ಸೆಂ.ಮೀ., ಹೆಣ್ಣಿನದು 38ರಿಂದ 39. ತೂಕ 13ರಿಂದ 14.5 ಕಿಲೋ. ಮುಳ್ಳುಪೊದೆಯ ಅಡಿಯಲ್ಲಿ ತೂರುವ ನಾಯಿಗೆ ಇದಕ್ಕಿಂತ ದೊಡ್ಡ ಮೈ ಭಾರವೇ. ಅಮೆರಿಕನ್ ಕಾಕರ್ ಬೇರೆ ತಳಿ: ತಲೆ ಗುಮ್ಮಟದಂತೆ, ಮೂತಿ ಗಿಡ್ಡ, ಕೂದಲು ಹೆಚ್ಚು. ಅಮೆರಿಕನ್ ಕೆನೆಲ್ ಕ್ಲಬ್ 1946ರಲ್ಲಿ ಇವೆರಡನ್ನೂ ಬೇರ್ಪಡಿಸಿತು.

ಆರೈಕೆಯಲ್ಲಿ ಮೊದಲ ಗಮನ ಕಿವಿಗೆ. ಕಣ್ಣಿನ ಮಟ್ಟದಿಂದ ಜೋತುಬಿದ್ದ ಭಾರವಾದ ಹಾಲೆ ಕಿವಿನಾಳಕ್ಕೆ ಮುಚ್ಚಳವಾಗುತ್ತದೆ. ನಾಳ ಮೊದಲು ಕೆಳಕ್ಕಿಳಿದು ಆಮೇಲೆ ಒಳಕ್ಕೆ ತಿರುಗುವುದರಿಂದ ತೇವ ಅಲ್ಲೇ ನಿಲ್ಲುತ್ತದೆ. ಜೊತೆಗೆ ಈ ತಳಿಯಲ್ಲಿ ಗುಗ್ಗೆ ಗ್ರಂಥಿಗಳೂ ಹೆಚ್ಚು. ಕಂದು ಬಣ್ಣದ ಅಂಟು ಗುಗ್ಗೆ, ಹುಳಿ ವಾಸನೆ ಕಂಡರೆ ಸಾಮಾನ್ಯವಾಗಿ ಮಲಸೀಜಿಯಾ ಎಂಬ ಯೀಸ್ಟಿನ ಕೆಲಸ. ಕೀವು, ದುರ್ವಾಸನೆ ಇದ್ದರೆ ಬ್ಯಾಕ್ಟೀರಿಯಾದ ಶಂಕೆ. ಹಾಗೆಂದು ಮನೆಯಲ್ಲಿದ್ದ ಹಳೆಯ ಡ್ರಾಪ್ಸ್ ಹಾಕಬಾರದು. ಕಿವಿತಮಟೆ ಹರಿದಿದ್ದರೆ ಜೆಂಟಾಮೈಸಿನ್‌ನಂಥ ಔಷಧ ಒಳಗಿವಿಗೆ ಇಳಿದು ಕಿವುಡು ತರಬಹುದು. ವೈದ್ಯರು ಒಳಗೆ ನೋಡಿಯೇ ಬರೆಯಬೇಕು.

ಆರೋಗ್ಯವಾಗಿರುವ ಕಿವಿಗೆ ವಾರಕ್ಕೊಮ್ಮೆ, ಸ್ನಾನ ಅಥವಾ ಈಜಿನ ನಂತರ ತಪ್ಪದೆ, ಹೀಗೆ ಮಾಡಿ: ಹಾಲೆಯನ್ನು ಮೇಲೆತ್ತಿ ಹಿಡಿದು, ನಾಯಿಗಳ ಕಿವಿ ತೊಳೆಯುವ ದ್ರಾವಣವನ್ನು ನಾಳ ತುಂಬುವಷ್ಟು ಬಿಡಿ. ಕಿವಿಯ ಬುಡವನ್ನು ಅರ್ಧ ನಿಮಿಷ ಒತ್ತಿ ತಿಕ್ಕಿ. ಪಚಪಚ ಸದ್ದು ಬಂದರೆ ದ್ರಾವಣ ಒಳಗೆ ಸೇರಿದೆ ಎಂದರ್ಥ. ತಲೆ ಕೊಡವಲು ಬಿಟ್ಟು, ಬೆರಳಿಗೆ ಹತ್ತಿ ಸುತ್ತಿ ಕಾಣುವಷ್ಟನ್ನು ಮಾತ್ರ ಒರೆಸಿ. ಹತ್ತಿ ಕಡ್ಡಿ ಬೇಡ, ಅದು ಗುಗ್ಗೆಯನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ನಾಳದ ಬಾಯಿಯ ಸುತ್ತ, ಹಾಲೆಯ ಒಳಭಾಗದ ಮೇಲಿನ ಮೂರನೇ ಒಂದು ಪಾಲಿನ ಕೂದಲನ್ನು ಗಿಡ್ಡ ಮಾಡಿದರೆ ಗಾಳಿಯಾಡುತ್ತದೆ. ಬಾಯಿ ಕಿರಿದಾದ, ಆಳವಾದ ಬಟ್ಟಲಲ್ಲಿ ಊಟ ಕೊಟ್ಟರೆ ಕಿವಿಗಳು ಹೊರಗೇ ಉಳಿಯುತ್ತವೆ.

ಬೆನ್ನಿನ ಕೂದಲಿಗೆ ಕ್ಲಿಪ್ಪರ್ ಹಾಕಿಸಬೇಡಿ. ರೇಷ್ಮೆಯಂತೆ ಅಂಟಿಕೊಂಡಿರಬೇಕಾದ ಕೂದಲು ಆಮೇಲೆ ಉಣ್ಣೆಯಂತೆ ಬೆಳೆಯುತ್ತದೆ. ಸತ್ತ ಕೂದಲನ್ನು ಬೆರಳಲ್ಲಿ ಕಿತ್ತು ತೆಗೆಯುವುದೇ ಸರಿಯಾದ ಕ್ರಮ. ಕಂಕುಳು, ಕಿವಿಯ ಹಿಂದೆ ಗಂಟು ಕಟ್ಟುತ್ತದೆ. ಗಂಟಿನಡಿ ಚರ್ಮ ಮೇಲೆದ್ದು ಬಂದಿರುವುದರಿಂದ, ಚರ್ಮಕ್ಕೂ ಗಂಟಿಗೂ ನಡುವೆ ಬಾಚಣಿಗೆ ತೂರಿಸಿಯೇ ಕತ್ತರಿ ಆಡಿಸಬೇಕು. ನಮ್ಮ ಕಡೆ ಬಯಲಲ್ಲಿ ಅಡ್ಡಾಡಿ ಬಂದ ನಾಯಿಯ ಕಾಲ್ಬೆರಳ ಸಂದಿಯಲ್ಲಿ ಉತ್ತರಾಣಿ ಬೀಜ, ಹಾಲೆಯ ಕೆಳಗೆ ಉಣ್ಣಿ ಹುಡುಕುವುದು ಅದೇ ದಿನದ ಕೆಲಸ. ಉಣ್ಣಿಯಿಂದ ಎರ್ಲಿಕಿಯಾ, ಬಬೀಸಿಯಾ ಜ್ವರಗಳು ಬರುತ್ತವೆ.

ಊಟದ ಲೆಕ್ಕ: ವಿಶ್ರಾಂತಿಯಲ್ಲಿ ಬೇಕಾದ ಶಕ್ತಿ = 70 × ತೂಕದ 0.75 ಘಾತ. 14 ಕಿಲೋ ನಾಯಿಗೆ ಇದು ಸುಮಾರು 507 ಕಿಲೋಕ್ಯಾಲೊರಿ. ಸಂತಾನಹರಣವಾದ ವಯಸ್ಕ ನಾಯಿಗೆ ಇದನ್ನು 1.6ರಿಂದ ಗುಣಿಸಿ: ದಿನಕ್ಕೆ ಸುಮಾರು 810. ಇದು ಆರಂಭದ ಅಂದಾಜಷ್ಟೆ. ಕಾಕರ್ ಕಣ್ಣಲ್ಲೇ ಬೇಡುವ ನಾಯಿ, ಬೇಗ ದಪ್ಪಗಾಗುತ್ತದೆ. ಕೂದಲು ಕೊಬ್ಬನ್ನು ಮರೆಮಾಡುವುದರಿಂದ ಕೈಯಿಂದ ಪಕ್ಕೆಲುಬು ಮುಟ್ಟಿ ನೋಡಿಯೇ ಅಳತೆ ಹೆಚ್ಚುಕಮ್ಮಿ ಮಾಡಬೇಕು.

ಮರಿ ಕೊಳ್ಳುವ ಮುನ್ನ ತಂದೆತಾಯಿಗಳ ಡಿಎನ್‌ಎ ವರದಿ ಕೇಳಿ. ಎರಡು ರೋಗಗಳು ಮುಖ್ಯ: ರೆಟಿನಾ ಕ್ರಮೇಣ ಸವೆದು ಮೊದಲು ಇರುಳುಗಣ್ಣು, ಕೊನೆಗೆ ಕುರುಡು ತರುವ ಪಿಆರ್‌ಎ, ಎಳೆಯ ವಯಸ್ಸಿನಲ್ಲೇ ಮೂತ್ರಪಿಂಡ ಕೆಡಿಸುವ ಫೆಮಿಲಿಯಲ್ ನೆಫ್ರೋಪತಿ. ಎರಡೂ ಅಪ್ರಬಲ ಜೀನಿನವು: ತಂದೆತಾಯಿ ಇಬ್ಬರಿಂದಲೂ ದೋಷದ ಜೀನು ಬಂದರಷ್ಟೇ ರೋಗ, ಒಂದೇ ಇದ್ದ ನಾಯಿ ರೋಗವಿಲ್ಲದ ವಾಹಕ. ವಾಹಕಕ್ಕೆ ವಾಹಕ ಕೂಡಿಸಿದರೆ ಪ್ರತಿ ಮರಿಗೂ ರೋಗದ ಸಾಧ್ಯತೆ ಶೇ. 25, ಒಂದು ಕಡೆ ದೋಷಮುಕ್ತವಾಗಿದ್ದರೆ ಯಾವ ಮರಿಗೂ ಆ ರೋಗ ಬರದು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆ ನಿಂತಿದೆ, ಆದರೆ ಮೂಗಿನ ಹಸಿವು ನಿಂತಿಲ್ಲ. ಚೆಂಡೆಸೆತವೊಂದೇ ಸಾಲದು, ನಾಯಿ ಕಣ್ಣಿಂದ ಅಟ್ಟುವುದನ್ನಷ್ಟೇ ಕಲಿಯುತ್ತದೆ, ಮೂಗು ಬಳಸುವುದಿಲ್ಲ. ಅದನ್ನು ಕೂರಿಸಿ, ಕಾಣದಂತೆ ಹುಲ್ಲಿನಲ್ಲಿ ಚೆಂಡು ಅಡಗಿಸಿ, ಗಾಳಿ ಎದುರಿನಿಂದ ಬೀಸುವ ಕಡೆಯಿಂದ ಹುಡುಕಲು ಬಿಡಿ. ಶುರುವಿಗೆ ಐದು ಹೆಜ್ಜೆ ದೂರ ಸಾಕು. ಸಿಗದೆ ತಲೆಯೆತ್ತಿ ನಿಮ್ಮ ಮುಖ ನೋಡತೊಡಗಿದರೆ ದೂರ ಹೆಚ್ಚಾಗಿದೆ, ಕಡಿಮೆ ಮಾಡಿ.