ಎಲ್ಲರನ್ನೂ ಎಣಿಸಿದರೆ ಲೆಕ್ಕ ಪಕ್ಕಾ ಆಗುತ್ತಾ?

ಕೃಷಿ ಗಣತಿಯಲ್ಲಿ ಎಲ್ಲ ರೈತರನ್ನೂ ಎಣಿಸುತ್ತಾರೆ, ಅದೇ ಪಕ್ಕಾ ಲೆಕ್ಕ. ಕೆಲವರನ್ನು ಮಾತ್ರ ಆರಿಸಿ ಕೇಳುವ ಸ್ಯಾಂಪಲ್ ಸಮೀಕ್ಷೆ ಸುಮ್ನೆ ಅಂದಾಜು. ಓದಿದವರೂ ಹೀಗೇ ಹೇಳುತ್ತಾರೆ. ಕೇಳಿ ಕೇಳಿ ನನಗಂತೂ ಸಾಕಾಗಿದೆ.

ಮರಗೆಣಸು ಬೆಳೆಯುವವರನ್ನೇ ತಗೊಳ್ಳಿ. 'ಹೋದ ವರ್ಷ ಎಷ್ಟು ಕಿಲೋ ಕಿತ್ತಿರಿ?' ಎಂದು ಗಣತಿಯವರು ಕೇಳುತ್ತಾರೆ. ಮನೆಗೆ ಬೇಕಾದಾಗ ಒಂದೆರಡು ಗಿಡ ಕಿತ್ತವರು ಅದನ್ನು ತೂಗಿಟ್ಟಿರುತ್ತಾರಾ? ಬಾಯಿಗೆ ಬಂದ ಅಂಕಿ ಹೇಳುತ್ತಾರೆ. ಹೊಲದ ಅಳತೆಯೂ ಅಷ್ಟೇ. ಆಫ್ರಿಕಾದ ಹಲವು ದೇಶಗಳಲ್ಲಿ ಜಿಪಿಎಸ್ ಹಿಡಿದು ಹೊಲದ ಸುತ್ತ ನಡೆದು ಅಳೆದರು. ಚಿಕ್ಕ ಹೊಲದವರು ಇರುವುದಕ್ಕಿಂತ ಜಾಸ್ತಿ, ದೊಡ್ಡ ಹೊಲದವರು ಕಡಿಮೆ ಹೇಳುವುದು ಮತ್ತೆ ಮತ್ತೆ ಕಂಡಿತು. ಕೋಟಿ ಜನರನ್ನು ಕೇಳಿದರೂ ಈ ತಪ್ಪು ಹೋಗಲ್ಲ. ಹಾಗಂತ ಕೋಟಿ ಹೊಲ ಅಳೆಯಲು ದುಡ್ಡೆಲ್ಲಿದೆ? ಕೆಲವು ಸಾವಿರ ಅಳೆಯಬಹುದು.

ಹಾಗಾದರೆ ಗಣತಿ ಯಾಕೆ ಬೇಕು? ಆ ಕೆಲವು ಸಾವಿರವನ್ನು ಆರಿಸಲು! ರಕ್ತ ಪರೀಕ್ಷೆಗೆ ಒಂದು ಹನಿ ಸಾಕು, ಯಾಕೆಂದರೆ ರಕ್ತ ಮೈಯೆಲ್ಲ ಬೆರೆತು ಹರಿಯುತ್ತದೆ. ರೈತರು ಹಾಗೆ ಬೆರೆತಿರುವುದಿಲ್ಲ. ಒಂದು ಕಡೆ ನೀರಾವರಿ, ಇನ್ನೊಂದು ಕಡೆ ಬರೀ ದನ ಮೇಯಿಸುವವರು. ಬೆರಳೆಣಿಕೆಯ ದೊಡ್ಡ ಫಾರಂಗಳಲ್ಲೇ ಒಂದು ಬೆಳೆಯ ಬಹುಪಾಲು ಇರಬಹುದು; ಅವನ್ನು ಚೀಟಿ ಎತ್ತದೆ ಪೂರ್ತಿ ಸೇರಿಸಬೇಕು. ಯಾರು ಎಲ್ಲಿದ್ದಾರೆ ಎಂಬ ಪಟ್ಟಿ ಕೈಯಲ್ಲಿಲ್ಲದೆ ಇದ್ಯಾವುದೂ ಆಗಲ್ಲ. ಗಣತಿ ಕೊಡುವುದು ಆ ಪಟ್ಟಿಯನ್ನು.

ಮೊದಲ ವಿಶ್ವ ಕೃಷಿ ಗಣತಿ ಸುತ್ತು 1930ರದು. ರೋಮ್‌ನಲ್ಲಿದ್ದ ಅಂತರರಾಷ್ಟ್ರೀಯ ಕೃಷಿ ಸಂಸ್ಥೆ ಅದನ್ನು ನಡೆಸಿತು. 1950ರಿಂದ ಈ ಕೆಲಸ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒ ಹೆಗಲಿಗೆ ಬಂತು. ಗಣತಿಯಲ್ಲಿ ಸ್ವಲ್ಪ ಪ್ರಶ್ನೆ, ಉಳಿದದ್ದು ಸ್ಯಾಂಪಲ್‌ನಲ್ಲಿ ಎಂದು ಅದು ಒತ್ತಿ ಹೇಳಿದ್ದು 2010ರ ಸುತ್ತಿಗೆ. 2020ರ ಸುತ್ತಿನಲ್ಲಿ ಗಣತಿ ಮತ್ತು ಸಮೀಕ್ಷೆಗಳನ್ನು ಒಂದೇ ಹತ್ತು ವರ್ಷದ ಯೋಜನೆಯಲ್ಲಿ ಹೆಣೆಯುವ ದಾರಿಯನ್ನೂ ಸೇರಿಸಿತು. ಮುಖ್ಯ ಪ್ರಶ್ನೆಗಳು ಪ್ರತಿ ವರ್ಷ. ಕೂಲಿ, ಯಂತ್ರ, ಗೊಬ್ಬರದ ಪ್ರಶ್ನೆಗಳು ಸರದಿಯಂತೆ.

ಬಹಳ ಕಡೆ ಈಗಲೂ ಬೆಳೆಯನ್ನು ಒಂದು ಇಲಾಖೆ, ದನಕರುಗಳನ್ನು ಇನ್ನೊಂದು ಇಲಾಖೆ ಲೆಕ್ಕ ಹಾಕುತ್ತದೆ. ಎರಡಕ್ಕೂ ಬೇರೆ ಬೇರೆ ಮನೆ, ಬೇರೆ ಬೇರೆ ಗುರುತಿನ ಸಂಖ್ಯೆ. ಎರಡು ಹಸು ಇರುವ ಮನೆ ಹೊಲಕ್ಕೆ ಜಾಸ್ತಿ ಗೊಬ್ಬರ ಹಾಕುತ್ತದಾ? ಇಷ್ಟು ಸರಳ ಪ್ರಶ್ನೆಗೂ ಉತ್ತರ ಸಿಗಲ್ಲ. ಎರಡೂ ಸಮೀಕ್ಷೆಗಳು ಒಂದೇ ಪಟ್ಟಿಯಿಂದ ಅದೇ ಮನೆಗಳಿಗೆ ಹೋದರೆ ಸಿಗುತ್ತದೆ.

ಪಟ್ಟಿ ಹಳತಾಗುತ್ತದೆ, ನಿಜ. ಅಣ್ಣ ತಮ್ಮ ಬೇರೆಯಾಗುತ್ತಾರೆ, ಹೊಲ ಮಾರಾಟವಾಗುತ್ತದೆ. ಅದಕ್ಕೇ ಆರಿಸಿದ ಹಳ್ಳಿಗಳಲ್ಲಿ ಮಾತ್ರ, ಸಮೀಕ್ಷೆಗೆ ಮುಂಚೆ, ಮನೆಗಳ ಪಟ್ಟಿಯನ್ನು ಹೊಸದಾಗಿ ಬರೆದುಕೊಳ್ಳುತ್ತಾರೆ.