ಟ್ರೈನರ್ ಮೇಲೆ ದಿನಾ ಬೆವರು ಸುರಿಸಿದರೂ ವ್ಯಾಟ್ ಏರುತ್ತಿಲ್ಲ, ಯಾಕೆ?

ಪ್ರಶ್ನೆ: ಚಿಕ್ಕಬಳ್ಳಾಪುರದಲ್ಲಿದ್ದೇನೆ. ಮನೆಯಲ್ಲೇ ಸ್ಮಾರ್ಟ್ ಟ್ರೈನರ್‌ಗೆ (ನಿಂತಲ್ಲೇ ತುಳಿಯಲು ಸೈಕಲ್ ಹಿಡಿದಿಟ್ಟು ವ್ಯಾಟ್ ಅಳೆಯುವ ಮಷೀನು) ಸೈಕಲ್ ಹಾಕಿಕೊಂಡು ವಾರಕ್ಕೆ ಐದು ದಿನ, ದಿನಕ್ಕೊಂದು ಗಂಟೆ ತುಳಿಯುತ್ತೇನೆ. ಮೊದಲು ಎಫ್‌ಟಿಪಿ (ಸುಮಾರು ಒಂದು ಗಂಟೆ ಬಿಡದೆ ತುಳಿಯಬಲ್ಲ ಗರಿಷ್ಠ ಸರಾಸರಿ ವ್ಯಾಟ್) 150 ವ್ಯಾಟ್‌ನಿಂದ 185ಕ್ಕೆ ಸಲೀಸಾಗಿ ಏರಿತು. ಈಗ ಎರಡು ತಿಂಗಳಿಂದ ಅಲ್ಲಾಡುತ್ತಿಲ್ಲ. ನಂದಿ ಬೆಟ್ಟ ಹತ್ತುವಾಗಲೂ ಹಳೇ ಟೈಮೇ. ಇನ್ನೂ ಜೋರಾಗಿ ತುಳಿಯಬೇಕಾ?

ಉತ್ತರ: ಬೇಡ. ಎರಡು ದಿನ ಮಾತ್ರ ಈಗಿನದಕ್ಕಿಂತ ಜೋರಾಗಿ ತುಳಿಯಿರಿ, ಉಳಿದ ಮೂರು ದಿನ ಈಗಿನದಕ್ಕಿಂತ ನಿಧಾನವಾಗಿ.

ಒಂದು ಗಂಟೆಯಷ್ಟೇ ಸಮಯ ಇರುವವರು ಸಾಮಾನ್ಯವಾಗಿ ದಿನಾ ಒಂದೇ ಹದದಲ್ಲಿ ತುಳಿಯುತ್ತಾರೆ. ನಿಮ್ಮ ಲೆಕ್ಕದಲ್ಲಿ ಅದು 145–155 ವ್ಯಾಟ್, ಅಂದರೆ ಎಫ್‌ಟಿಪಿಯ ಶೇ 80ರ ಆಸುಪಾಸು. ಬೆವರು ಚೆನ್ನಾಗಿ ಬರುತ್ತದೆ, ಇಳಿದಾಗ ಕೆಲಸ ಆಯಿತು ಅನ್ನಿಸುತ್ತದೆ. ಹೊಸತರಲ್ಲಿ ದೇಹಕ್ಕೆ ಅಷ್ಟೇ ಸಾಕಿತ್ತು, ಈಗ ಒಗ್ಗಿಹೋಗಿದೆ. ಆ ಹದ ಕಾಲಲ್ಲಿ ಸುಸ್ತು ಉಳಿಸುತ್ತದೆ, ಆದರೆ ಹೃದಯ ಮತ್ತು ಸ್ನಾಯುಗಳನ್ನು ಹೊಸ ಮಟ್ಟಕ್ಕೆ ದೂಡುವುದಿಲ್ಲ. ಆ ಸುಸ್ತಿನಿಂದಾಗಿಯೇ ನಿಜವಾಗಿ ಜೋರಾಗಿ ತುಳಿಯಬೇಕಾದ ದಿನ ಕಾಲು ಏಳುವುದಿಲ್ಲ.

ಆದರೆ ಪ್ಲಾನ್ ಬದಲಿಸುವ ಮುಂಚೆ ಕೋಣೆಯನ್ನೊಮ್ಮೆ ನೋಡಿ. ತುಳಿಯುವಾಗ ದೇಹ ಸುಡುವ ಶಕ್ತಿಯಲ್ಲಿ ಪೆಡಲ್‌ಗೆ ಸೇರುವುದು ಶೇ 20–25 ಮಾತ್ರ, ಮಿಕ್ಕಿದ್ದೆಲ್ಲ ಶಾಖ. 150 ವ್ಯಾಟ್ ತುಳಿಯುವಾಗ ನಿಮ್ಮ ಮೈಯಿಂದ 450ರಿಂದ 600 ವ್ಯಾಟ್ ಶಾಖ ಹೊರಬೀಳಬೇಕು. ರಸ್ತೆಯಲ್ಲಿ ಗಾಳಿಯೇ ಆ ಕೆಲಸ ಮಾಡುತ್ತದೆ, ಮುಚ್ಚಿದ ಕೋಣೆಯಲ್ಲಿ ಮಾಡುವವರಿಲ್ಲ. ಆಗ ರಕ್ತ ಚರ್ಮದ ಕಡೆಗೆ ಹರಿಯುತ್ತದೆ, ಕಾಲಿಗೆ ಕಡಿಮೆಯಾಗುತ್ತದೆ. ವ್ಯಾಟ್ ಅಷ್ಟೇ ಇದ್ದರೂ ಕೊನೆಯ ಅರ್ಧ ಗಂಟೆಯಲ್ಲಿ ಎದೆಬಡಿತ ಹತ್ತು-ಹದಿನೈದು ಏರಿದರೆ ಸೆಖೆಯನ್ನೇ ಮೊದಲು ಅನುಮಾನಿಸಿ. ಸೀಲಿಂಗ್ ಫ್ಯಾನ್ ಸಾಲದು. ಪೆಡೆಸ್ಟಲ್ ಫ್ಯಾನನ್ನು ಒಂದು ಮೀಟರ್ ಮುಂದೆ, ಎದೆಗೆ ನೇರವಾಗಿ, ಫುಲ್ ಸ್ಪೀಡಿನಲ್ಲಿಡಿ, ಕಿಟಕಿ ತೆರೆಯಿರಿ. ಮಾರ್ಚ್‌ನಿಂದ ಮೇವರೆಗೆ ನಮ್ಮ ಬಯಲುಸೀಮೆಯಲ್ಲಿ ಜೋರು ದಿನಗಳನ್ನು ಬೆಳಗಿನ ಜಾವಕ್ಕೇ ಇಟ್ಟುಕೊಳ್ಳಬೇಕು. ಸಂಜೆ ಆರಕ್ಕೆ ಆರ್‌ಸಿಸಿ ಮನೆಯ ಗೋಡೆ ಇನ್ನೂ ಕಾದಿರುತ್ತದೆ.

ಆಮೇಲೆ ಮಷೀನು. ಹಿಂದಿನ ಚಕ್ರವನ್ನು ರೋಲರ್‌ಗೆ ಒತ್ತುವ ಟ್ರೈನರ್ ಆದರೆ ಟೈರ್ ಗಾಳಿ ಪ್ರತಿಸಲವೂ ಒಂದೇ ಇರಬೇಕು (ರೋಡ್ ಟೈರ್‌ಗೆ 100 ಪಿಎಸ್‌ಐ ಸರಿ), ಒತ್ತುವ ತಿರುಪೂ ಅಷ್ಟೇ ಸುತ್ತು. ಟೈರ್, ರೋಲರ್ ಎರಡೂ ಬಿಸಿಯಾದಂತೆ ತೋರಿಸುವ ವ್ಯಾಟ್ ಬದಲಾಗುವುದರಿಂದ ಹತ್ತು ನಿಮಿಷ ತುಳಿದ ಮೇಲೆಯೇ ಸ್ಪಿನ್‌ಡೌನ್ (ವೇಗ ಏರಿಸಿ, ಚಕ್ರ ತಾನಾಗಿ ನಿಲ್ಲಲು ಬಿಟ್ಟು ಟ್ರೈನರ್‌ನ ಅಳತೆ ಸರಿಪಡಿಸುವುದು) ಮಾಡಿ. ಟೆಸ್ಟ್‌ಗಳನ್ನೂ ಕಲಸಬೇಡಿ. ರ‍್ಯಾಂಪ್ ಟೆಸ್ಟಿನಲ್ಲಿ (ಹಂತ ಹಂತವಾಗಿ ವ್ಯಾಟ್ ಏರಿಸುತ್ತಾ ಕೈಲಾಗುವವರೆಗೆ ತುಳಿಯುವುದು) ಕೊನೆಯ ಅತ್ಯುತ್ತಮ ಒಂದು ನಿಮಿಷದ ಶೇ 75 ಎಫ್‌ಟಿಪಿ, 20 ನಿಮಿಷದ ಟೆಸ್ಟಿನಲ್ಲಿ ಸರಾಸರಿಯ ಶೇ 95. ಒಬ್ಬರಿಗೇ ಎರಡರಲ್ಲೂ ಒಂದೇ ಅಂಕಿ ಬರಬೇಕೆಂದಿಲ್ಲ. ಹೋದಸಲ ಒಂದು, ಈ ಸಲ ಇನ್ನೊಂದು ಮಾಡಿದರೆ ಏರಿದ್ದೂ ತಿಳಿಯದು, ಇಳಿದದ್ದೂ ತಿಳಿಯದು.

ಇನ್ನು ವಾರದ ಲೆಕ್ಕ. 185 ಇಟ್ಟುಕೊಂಡೇ ಹೇಳುತ್ತೇವೆ.

ಮಂಗಳವಾರ ಹದಿನೈದು ನಿಮಿಷ ಮೈ ಬಿಸಿ ಮಾಡಿಕೊಂಡು, 205–215 ವ್ಯಾಟ್‌ನಲ್ಲಿ ಮೂರು ಮೂರು ನಿಮಿಷದ ನಾಲ್ಕು ಸುತ್ತು. ನಡುವೆ ಮೂರು ನಿಮಿಷ 90 ವ್ಯಾಟ್‌ನಲ್ಲಿ ಸುಮ್ಮನೆ ಕಾಲಾಡಿಸಿ. ಎರಡನೇ ವಾರ ಐದು ಸುತ್ತು, ಮೂರನೇ ವಾರ ನಾಲ್ಕು ನಿಮಿಷದ ನಾಲ್ಕು ಸುತ್ತು. ಹೆಚ್ಚಿನವರು ಎಡವುವುದು ಮೊದಲ ಸುತ್ತಿನಲ್ಲಿ: ಹುಮ್ಮಸ್ಸಿನಲ್ಲಿ 240 ತುಳಿದು ಮೂರನೆಯದಕ್ಕೆ 180ಕ್ಕೆ ಬೀಳುತ್ತಾರೆ. ಮೊದಲನೆಯದು ಸ್ವಲ್ಪ ಸುಲಭ ಅನ್ನಿಸಬೇಕು, ಕೊನೆಯದರ ಕೊನೆಯ ನಿಮಿಷದಲ್ಲಿ ಒಂದು ಪದ ಆಡುವುದೂ ಕಷ್ಟವಾಗಬೇಕು. ಯಾವುದೇ ಸುತ್ತು ಹಿಂದಿನದಕ್ಕಿಂತ ಹತ್ತು ವ್ಯಾಟ್ ಕುಸಿದರೆ ಆ ದಿನಕ್ಕೆ ಸಾಕು, ನಿಲ್ಲಿಸಿ.

ಈ ಸುತ್ತುಗಳಿಗೆ ಅರ್ಗ್ ಮೋಡ್ ಆಫ್ ಮಾಡುವುದೇ ಒಳ್ಳೆಯದು. ಅದು ವ್ಯಾಟ್ ಹಿಡಿದಿಡುವ ಮೋಡ್. ದಣಿದು ಕೇಡೆನ್ಸ್ (ನಿಮಿಷಕ್ಕೆ ಪೆಡಲ್ ತಿರುಗುವ ಸಂಖ್ಯೆ) 90ರಿಂದ 70ಕ್ಕೆ ಇಳಿದರೆ ವ್ಯಾಟ್ ಬೀಳದಂತೆ ಟ್ರೈನರ್ ಬಿಗಿ ಹೆಚ್ಚಿಸುತ್ತದೆ, ಅದರಿಂದ ಕಾಲು ಇನ್ನೂ ನಿಧಾನ, ಮತ್ತೆ ಬಿಗಿ, ಕೊನೆಗೆ ಪೆಡಲ್ ಕಚ್ಚಿ ನಿಲ್ಲುತ್ತದೆ. ನಿಧಾನದ ದಿನಗಳಿಗೆ ಮಾತ್ರ ಅರ್ಗ್ ಬಹಳ ಉಪಯೋಗ: 125 ಅಂದರೆ 125, ಆಸೆಪಟ್ಟು ಮೇಲೇರಲು ಬಿಡುವುದಿಲ್ಲ.

ಶುಕ್ರವಾರ 165–174 ವ್ಯಾಟ್‌ನಲ್ಲಿ ಹತ್ತು ನಿಮಿಷದ ಮೂರು ಸುತ್ತು, ನಡುವೆ ಐದು ನಿಮಿಷ ಬಿಡುವು. ವಾರ ವಾರ ಎರಡೆರಡು ನಿಮಿಷ ಹೆಚ್ಚಿಸಿ, ವ್ಯಾಟ್ ಹೆಚ್ಚಿಸಬೇಡಿ. ಉಳಿದ ಮೂರು ದಿನ 105ರಿಂದ 135, ಪೂರ್ತಿ ವಾಕ್ಯ ಏದುಸಿರಿಲ್ಲದೆ ಆಡುವಷ್ಟು. ಇಷ್ಟು ನಿಧಾನಕ್ಕೆ ಏನು ಪ್ರಯೋಜನ ಅನ್ನಿಸುತ್ತದೆ. ಮಂಗಳವಾರದ ಸುತ್ತುಗಳು ಸರಿಬರುವುದು ಇದರಿಂದಲೇ. ಆ ಮೂರರಲ್ಲಿ ಭಾನುವಾರದ್ದನ್ನು ಹೊರಗೆ ಎರಡು-ಎರಡೂವರೆ ಗಂಟೆಗೆ ಹಿಗ್ಗಿಸಿದರೆ ಇನ್ನೂ ಒಳ್ಳೆಯದು, ಬೆಟ್ಟ ಹತ್ತದೆ ಬುಡದ ರಸ್ತೆಗಳಲ್ಲೇ ಸುತ್ತಿ.

ನಾಲ್ಕನೇ ವಾರ ಹಗುರ ಇರಲೇಬೇಕು. ಒಟ್ಟು ಸಮಯ ಶೇ 40 ಇಳಿಸಿ, ಜೋರಿನದು ಮೂರು ನಿಮಿಷದ ಮೂರು ಸುತ್ತು ಮಾತ್ರ. ದೇಹ ಕಟ್ಟಿಕೊಳ್ಳುವುದು ತುಳಿಯುವಾಗಲ್ಲ, ಬಿಡುವಿನಲ್ಲಿ. ಎರಡು ತಿಂಗಳು ಬಿಡದೆ ತುಳಿದವರಲ್ಲಿ ಕೆಲವರಿಗೆ ಈ ಒಂದು ವಾರದಲ್ಲೇ ವ್ಯಾಟ್ ಏರುತ್ತದೆ. ಬೆಳಿಗ್ಗೆ ಏಳುವಾಗಿನ ಎದೆಬಡಿತ ಮಾಮೂಲಿಗಿಂತ ಏಳೆಂಟು ಹೆಚ್ಚಿದ್ದು ನಿದ್ದೆಯೂ ಸರಿಯಿಲ್ಲದಿದ್ದರೆ ನಾಲ್ಕನೇ ವಾರಕ್ಕೆ ಕಾಯಬೇಡಿ.

ಮನೆಯಲ್ಲಿ ಟ್ರೈನರ್ ಇಲ್ಲದೆ ಜಿಮ್‌ನ ಸ್ಪಿನ್ ಬೈಕ್ ತುಳಿಯುವವರಿಗೆ ಎರಡು ಮಾತು. ಬಿಗಿ ಇಲ್ಲದೆ 110ರ ಕೇಡೆನ್ಸ್‌ನಲ್ಲಿ ಕಾಲು ತಿರುಗಿದರೆ ಕೆಲಸ ಮಾಡುತ್ತಿರುವುದು ಭಾರದ ಚಕ್ರ, ನೀವಲ್ಲ. 85–95ರಲ್ಲಿ ಉಸಿರು ಕಟ್ಟುವಷ್ಟು ಬಿಗಿ ಹಾಕಿ. ಚಕ್ರಕ್ಕೆ ಒತ್ತುವ ಬ್ರೇಕ್ ಪ್ಯಾಡ್ ಸವೆದಿದ್ದರೆ ಅದೇ ನಾಬ್ ಸುತ್ತಿಗೆ ಬಿಗಿ ಕಡಿಮೆ ಸಿಗುತ್ತದೆ, ಆದ್ದರಿಂದ ನಾಬ್ ಎಣಿಸದೆ ಉಸಿರನ್ನು ನಂಬಿ.

ಊಟದಲ್ಲಿ ನಮ್ಮ ಕಡೆ ಪಿಷ್ಟಕ್ಕೆ ಕೊರತೆಯಿಲ್ಲ, ಪ್ರೋಟೀನ್‌ಗೆ ಇದೆ. ತೂಕದ ಪ್ರತಿ ಕಿಲೋಗೆ 1.4–1.6 ಗ್ರಾಂ ಬೇಕು. 65 ಕಿಲೋ ಇದ್ದವರಿಗೆ ದಿನಕ್ಕೆ 90ರಿಂದ 105 ಗ್ರಾಂ. 100 ಗ್ರಾಂ ರಾಗಿ ಹಿಟ್ಟಿನಲ್ಲಿರುವುದು ಸುಮಾರು 7 ಗ್ರಾಂ. ಮುದ್ದೆಗೆ ಬರೀ ತಿಳಿ ಸಾರಿನ ಬದಲು ಗಟ್ಟಿ ಹುರುಳಿ ಸಾರೋ ಹೆಸರುಕಾಳಿನ ಹುಳಿಯೋ ಇರಲಿ, ಜೊತೆಗೆ ಎರಡು ಮೊಟ್ಟೆ ಅಥವಾ ಪನೀರ್. ಮುದ್ದೆ ಉಂಡು ಎರಡೂವರೆ ಗಂಟೆ ಆಗದೆ ಜೋರು ಸುತ್ತಿಗೆ ಇಳಿಯಬೇಡಿ. ಬೆಳಗಿನ ಜಾವವಾದರೆ ಮೊದಲು ಒಂದು ಬಾಳೆಹಣ್ಣು. ಇದೇ ಹೊತ್ತಿನಲ್ಲಿ ತೂಕ ಇಳಿಸಲು ರಾತ್ರಿಯೂಟ ಬಿಟ್ಟಿದ್ದರೆ, ವ್ಯಾಟ್ ನಿಂತಿರುವುದಕ್ಕೆ ಅದೊಂದೇ ಕಾರಣ ಸಾಕು.

ಎರಡು ಸಲ ನಾಲ್ಕು ವಾರ ಮುಗಿಸಿ, ಅದೇ ಟೆಸ್ಟ್, ಅದೇ ಹೊತ್ತು, ಅದೇ ಫ್ಯಾನ್ ಇಟ್ಟುಕೊಂಡು ಅಳೆಯಿರಿ. ಐದರಿಂದ ಹತ್ತು ವ್ಯಾಟ್ ಏರಿದರೂ ಒಳ್ಳೆಯ ಫಲವೇ. ಆರಂಭದ ವೇಗ ಮತ್ತೆ ಬರುವುದಿಲ್ಲ. ಏನೂ ಏರದೆ, ಮೆಟ್ಟಿಲು ಹತ್ತುವಾಗಲೂ ಸುಸ್ತಾದರೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ) ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಗಂಡಸರಿಗೆ 13, ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, ಅದನ್ನು ತುಳಿದು ಸರಿಮಾಡಲಾಗದು. ತುಳಿಯುವಾಗ ಎದೆನೋವು, ತಲೆಸುತ್ತು ಬಂದರೆ ಅಂದೇ ಡಾಕ್ಟರ್ ಹತ್ತಿರ ಹೋಗಿ.