ಎಥ್ನಿಕ್ ಡೇ ಸೀರೆಗೆ ಎಷ್ಟು ಪಿನ್ ಬೇಕು?

ಪ್ರಶ್ನೆ: ನಮ್ಮದು ಮಹಿಳಾ ಕಾಲೇಜು. ಎಥ್ನಿಕ್ ಡೇಗೆ ಮೊದಲ ಸಲ ಸೀರೆ ಉಡ್ತಿದ್ದೀನಿ. ಸಂಜೆವರೆಗೂ ಜಾರಬಾರದು ಅಂದ್ರೆ ಎಷ್ಟು ಪಿನ್ ಹಾಕಬೇಕು?

ಉತ್ತರ: ಮೂರು. ವರ್ಷ ವರ್ಷವೂ ಇದೇ ಪ್ರಶ್ನೆ, ಇದೇ ಉತ್ತರ. ಆದರೂ ಆ ದಿನ ಬೆಳಗ್ಗೆ ಹಾಸ್ಟೆಲ್ ರೂಮುಗಳಲ್ಲಿ ಒಬ್ಬೊಬ್ಬರ ಮೈಮೇಲೆ ಡಜನ್‌ಗಟ್ಟಲೆ ಪಿನ್ ಚುಚ್ಚುವ ಕೆಲಸ ನಿಂತಿಲ್ಲ. ಪಿನ್ ಹೆಚ್ಚಿದಷ್ಟೂ ಸೀರೆ ಭದ್ರ ಎಂಬ ನಂಬಿಕೆ ಅಷ್ಟು ಗಟ್ಟಿ. ಪಿನ್ನಿಗಿಂತ ಗಟ್ಟಿ.

ಸೀರೆಯನ್ನು ಹಿಡಿದಿಡುವುದು ಲಂಗದ ಲಾಡಿ. 5.5 ಮೀಟರ್ ಬಟ್ಟೆಯ ಭಾರವೆಲ್ಲ ಬೀಳುವುದು ಸೊಂಟದ ಆ ದಾರದ ಮೇಲೆ. ಲಾಡಿ ಸಡಿಲವಾಗಿದ್ದರೆ, ನೆರಿಗೆಗೆ ನಾಲ್ಕು ಪಿನ್ ಹಾಕಿದರೂ ಅವು ನೆರಿಗೆಯನ್ನು ಲಂಗಕ್ಕೆ ಕಟ್ಟಿಹಾಕುತ್ತವೆ ಅಷ್ಟೆ. ಲಂಗ ಇಳಿದಾಗ ನೆರಿಗೆಯೂ ಅದರ ಜೊತೆಗೇ ಇಳಿಯುತ್ತದೆ. ಅಲ್ಲಿಗೆ ಐದನೆಯ ಪಿನ್ ಬರುತ್ತದೆ! ಲಂಗ ಹತ್ತಿಯದೇ ಇರಲಿ. ಸ್ಯಾಟಿನ್ ಲಂಗದ ಮೇಲೆ ರೇಷ್ಮೆಯಾಗಲಿ ಜಾರ್ಜೆಟ್ ಆಗಲಿ ನಿಲ್ಲುವುದಿಲ್ಲ. ಗಂಟು ಪಕ್ಕಕ್ಕೆ ಬರಲಿ, ಮುಂದಿದ್ದರೆ ನೆರಿಗೆಯ ಕೆಳಗೆ ಉಬ್ಬುತ್ತದೆ.

ಪಿನ್ ಹೆಚ್ಚಾದರೆ ನಷ್ಟವೂ ಉಂಟು. ಕೈ ಎತ್ತಿದಾಗ, ಬೆಂಚಿನ ಮೇಲೆ ಕೂತಾಗ ಭುಜಕ್ಕೂ ಸೊಂಟಕ್ಕೂ ನಡುವಿನ ಅಳತೆ ಬದಲಾಗುತ್ತದೆ. ಬಟ್ಟೆ ಒಂದಿಷ್ಟು ಸರಿದಾಡಲೇಬೇಕು. ಎಲ್ಲ ಕಡೆ ಬಿಗಿದಿಟ್ಟರೆ ಎಳೆತವೆಲ್ಲ ಪಿನ್ನಿನ ತೂತಿಗೆ ಬಿದ್ದು ರೇಷ್ಮೆ ಅಲ್ಲೇ ಹರಿಯುತ್ತದೆ. ಮೈಸೂರು ರೇಷ್ಮೆಯಂಥ ನಯವಾದ ಕ್ರೇಪ್‌ನಲ್ಲಿ ತೂತು ಎದ್ದು ಕಾಣುತ್ತದೆ. ಸೀರೆ ಅಮ್ಮನದಾಗಿದ್ದರೆ ಮನೆಗೆ ಹೋದ ಮೇಲಿನದ್ದನ್ನು ನಾನು ಹೇಳಬೇಕಿಲ್ಲ.

ಮೂರು ಪಿನ್ ಎಲ್ಲೆಲ್ಲಿ? ಒಂದು ಎಡಭುಜದಲ್ಲಿ, ರವಿಕೆಯ ಒಳಗಿನಿಂದ. ಇನ್ನೊಂದು ನೆರಿಗೆ ಸಿಕ್ಕಿಸುವ ಜಾಗದಲ್ಲಿ, ಒಳಗಡೆಯಿಂದ ಲಂಗಕ್ಕೆ ಸೇರಿಸಿ. ಮೂರನೆಯದು ಬಲಸೊಂಟದ ಬಳಿ ಸೆರಗಿನ ಅಂಚಿಗೆ. ಆದರೆ ಇದನ್ನು ಕೈ ಪೂರ್ತಿ ಮೇಲೆತ್ತಿ ನೋಡಿ, ಎರಡು ಬೆರಳಷ್ಟು ಸಡಿಲ ಬಿಟ್ಟು ಹಾಕಿ. ಪಿನ್ನಿನ ಸುರುಳಿಯಲ್ಲಿ ಎಳೆ ಸಿಕ್ಕಿಕೊಳ್ಳದಂತೆ ಮೊದಲೇ ಒಂದು ಸಣ್ಣ ಮಣಿ ಪೋಣಿಸಿಡಿ.

ಮೆಟ್ಟಿಲ ಮೇಲೆ ನೆರಿಗೆ ತುಳಿದು ಎಲ್ಲವೂ ಬಿಚ್ಚಿಹೋಗುವುದು ಪಿನ್ನಿನ ತಪ್ಪಲ್ಲ, ಚಪ್ಪಲಿಯದು. ಬರಿಗಾಲಲ್ಲಿ ಅಳತೆ ನೋಡಿ ಉಟ್ಟು, ಆಮೇಲೆ ಹೀಲ್ಸ್ ಹಾಕಿದರೆ ಸೀರೆ ಗಿಡ್ಡವಾಗುತ್ತದೆ. ಹೀಲ್ಸ್ ಹಾಕಿ ಉಟ್ಟು, ಮಧ್ಯಾಹ್ನ ಕಾಲು ನೋವೆಂದು ಬಿಚ್ಚಿಟ್ಟರೆ ಅಂಚು ನೆಲ ಗುಡಿಸುತ್ತದೆ. ಇಡೀ ದಿನ ಹಾಕಿಕೊಳ್ಳಬಲ್ಲ ಚಪ್ಪಲಿಯನ್ನೇ ಮೊದಲು ಮೆಟ್ಟಿ, ಆಮೇಲೆ ಉಡಿ. ನೆರಿಗೆ ಐದರಿಂದ ಏಳು, ಒಂದೊಂದೂ ಸುಮಾರು ಐದು ಇಂಚು, ಮಡಿಕೆ ಎಡಕ್ಕೆ. ಹೊಸ ಸೀರೆಯಾದರೆ ಫಾಲ್ (ಕೆಳ ಅಂಚಿನ ಒಳಬದಿಗೆ ಹೊಲಿಯುವ ಪಟ್ಟಿ) ಹೊಲಿಸುವ ಮುಂಚೆ ಆ ಪಟ್ಟಿಯನ್ನು ನೀರಲ್ಲಿ ನೆನೆಸಿ ಒಣಗಿಸಲೇಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಫಾಲ್ ಕುಗ್ಗಿ ಅಂಚು ಸುಕ್ಕಾಗುತ್ತದೆ.

ಮೊದಲ ಸಲದವರು ಹತ್ತಿಯ ಇಳಕಲ್ ಕೇಳಿ ಪಡೆಯಿರಿ. ನೆರಿಗೆ ಹೇಳಿದ ಮಾತು ಕೇಳುತ್ತದೆ. ಅದರಲ್ಲಿ ಒಡಲಿನ ಉದ್ದನೆಯ ನೂಲುಗಳಿಗೆ ಸೆರಗಿನ ಉದ್ದನೆಯ ನೂಲುಗಳನ್ನು ಎಳೆ ಎಳೆಯಾಗಿ ಜೋಡಿಸಿರುತ್ತಾರೆ. ಆ ಜೋಡಣೆಯ ಮೇಲೆ ಮಾತ್ರ ಪಿನ್ ಚುಚ್ಚಬೇಡಿ. ಅಮ್ಮನ ರವಿಕೆ ದೊಗಳೆಯಾದರೆ ಕತ್ತರಿ ಮುಟ್ಟಬೇಡಿ. ಪಕ್ಕದ ಹೊಲಿಗೆಯ ಒಳಗೆ ಕೈಯಲ್ಲೇ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಮರುದಿನ ಬಿಚ್ಚಿಬಿಡಿ.

ಕೊಡವ ಶೈಲಿಯ ಬಗ್ಗೆ ನೀವು ಕೇಳಿಲ್ಲ, ಆದರೆ ಎಥ್ನಿಕ್ ಡೇ ಬಂತೆಂದರೆ ಪ್ರತಿ ತರಗತಿಯಲ್ಲೂ ಇಬ್ಬರು ಮೂವರಾದರೂ ಹಾಗೆ ಉಟ್ಟು ಬಂದಿರುತ್ತಾರೆ. ಅದಕ್ಕೆ ಬೇರೆ ಸೀರೆ ಬೇಕಿಲ್ಲ, 5.5 ಮೀಟರ್ ಸಾಕು. ನೆರಿಗೆ ಹಿಂದೆ, ಸೆರಗು ಎಡತೋಳಿನ ಕೆಳಗಿಂದ ಎದೆಯ ಮೇಲೆ ಹಾದು ಬಲಭುಜಕ್ಕೆ. ಕಾವೇರಿಯ ರಭಸಕ್ಕೆ ನೆರಿಗೆ ಹಿಂದಕ್ಕೆ ಸರಿಯಿತು ಎಂದು ಕೊಡಗಿನ ಐತಿಹ್ಯ. ಮುಂದೆ ನೆರಿಗೆಯಿಲ್ಲದ್ದರಿಂದ ಮೆಟ್ಟಿಲು ಹತ್ತುವುದು ಸಲೀಸು. ಆದರೆ ನೆರಿಗೆ ನಮ್ಮ ಕಣ್ಣಿಗೆ ಕಾಣದ ಕಡೆ ಇರುವುದರಿಂದ ಉಡಿಸಲು ಇನ್ನೊಬ್ಬರು ಬೇಕು. ಬೆಂಚಿನ ಮೇಲೆ ಎರಡು ಗಂಟೆ ಕೂತರೆ ಅದೇ ನೆರಿಗೆ ಮುದ್ದೆಯಾಗುತ್ತದೆ. ರ‍್ಯಾಂಪ್ ವಾಕ್ ಊಟದ ನಂತರ ಇದ್ದರೆ ಅಲ್ಲಿಯವರೆಗೂ ನಿಂತೇ ಇರಿ.